ರೈಫಲ್ಲಿನ ಹಿತ್ತಾಳೆ

ಉಮಾಕಾಂತನ ಪಿಸ್ತೂಲು ನಾಲ್ಕು ತಿಂಗಳು ವಡೋದರದ ಮಕರಪುರ ಪೊಲೀಸ್ ಠಾಣೆಯಲ್ಲೇ ಬಿದ್ದಿತ್ತು. ಚುನಾವಣೆ ಬಂತೆಂದರೆ ಲೈಸೆನ್ಸಿನವರೆಲ್ಲ ಆಯುಧ ಜಮಾ ಮಾಡಬೇಕು, ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಈತ ಜೋಡುನಳಿಗೆ ಬಂದೂಕು ಬಿಡಿಸಿಕೊಂಡು ಬಂದ, ಪಿಸ್ತೂಲು ಮರೆತೇಬಿಟ್ಟ. ಕೊನೆಗೆ ಠಾಣೆಯವರೇ ಫೋನ್ ಮಾಡಿ, "ಅಂಕಲ್, ನಿಮ್ಮ ಸಾಮಾನು ಒಯ್ಯುತ್ತೀರೋ, ಗುಜರಿಗೆ ಹಾಕೋಣವೋ?" ಎಂದರು.

ಹೆಂಡತಿ ಸಾವಿತ್ರಿ ನಕ್ಕಳು. "ಛತ್ರಿ ಮರತಿದ್ರ ಮರುದಿನಾನ ಓಡ್ತಿದ್ರಿ. ಬ್ಯಾಡಾದದ್ದನ್ನ ಯಾಕ ಇಟಗೊಂಡೀರಿ?"

ಗದಗಿನ ಉಮಾಕಾಂತ ರೈಲ್ವೆ ರಕ್ಷಣಾ ಪಡೆಯ ಸಿಪಾಯಿಯಾಗಿ ವಡೋದರಕ್ಕೆ ಬಂದವನು. ನಿವೃತ್ತಿಯಾದ ಮೇಲೆ ಸೂರತ್ತಿನ ವಜ್ರದ ವ್ಯಾಪಾರಿಯೊಬ್ಬನ ವಡೋದರದ ಆಫೀಸಿಗೆ ಐದು ವರ್ಷ ಕಾವಲಿದ್ದ. ಪಿಸ್ತೂಲು ಆ ಸೇಠನ ಹಟಕ್ಕೆ ಕೊಂಡದ್ದು, ಒಂದು ಗುಂಡೂ ಹಾರಿಸಿರಲಿಲ್ಲ. ಕೆಲಸ ಬಿಟ್ಟ ಮೇಲೆ ಅದು ಮನೆಯಲ್ಲಿ ಬೇಡದ ಬೀಗರ ಹಾಗೆ ಕೂತಿತ್ತು.

ಒಂದು ಲೈಸೆನ್ಸಿನ ಮೇಲೆ ಎರಡೇ ಆಯುಧ ಇಡಬಹುದು. ಅಹಮದಾಬಾದಿನ ಬಂದೂಕು ವ್ಯಾಪಾರಿ ಜಯಂತಿಭಾಯಿ, ಪಿಸ್ತೂಲಿಗೆ ಬದಲಾಗಿ ಒಂದು ರೈಫಲ್ ಕೊಡುತ್ತೇನೆ ಎಂದ. ಹಳೆಯ ಫೌಜಿ ಥ್ರೀ-ನಾಟ್-ಥ್ರೀ. ಫೌಜಿನ ಗುಂಡು ಸಾಮಾನ್ಯರು ಇಟ್ಟುಕೊಳ್ಳುವಂತಿಲ್ಲವೆಂದು ಯಾವಾಗಲೋ ಬೇರೆ ಗುಂಡಿಗೆ ಹೊಂದಿಸಿ, ಮುಂದಿನ ಕಟ್ಟಿಗೆ ಕತ್ತರಿಸಿ ಶಿಕಾರಿ ರೈಫಲ್ ಮಾಡಿದ್ದರು. ಬದಲಾಯಿಸಲು ಸರ್ಕಾರದ ಪರವಾನಗಿಯೂ ಬಂತು. ಇನ್ನು ಸಹಿ ಒಂದೇ ಬಾಕಿ.

ಹದಿನೆಂಟು ವರ್ಷ ಅಂಥದೇ ರೈಫಲ್ ಹೊತ್ತ ಭುಜ ಅದು. ಬೇಕು ಅನ್ನಿಸಿತು. ಬೇಕು ಅನ್ನಿಸಿದ ಹೊತ್ತಿಗೇ ಆ ಹಳೆಯ ಮಧ್ಯಾಹ್ನ ನೆನಪಾಯಿತು.

ತೊಂಬತ್ತೊಂದರಲ್ಲಿ ಗೂಡ್ಸ್ ಯಾರ್ಡಿನ ಹಮಾಲಿಗಳು ಕೂಲಿ ಹೆಚ್ಚಿಸಿರೆಂದು ಹಳಿಯ ಮೇಲೆ ಕೂತಿದ್ದರು. ಮಧ್ಯಾಹ್ನ ಅವರನ್ನು ಎಬ್ಬಿಸಿ ಎಂದು ಹುಕುಂ ಬಂತು. ಎಬ್ಬಿಸುವುದು ಅಂದರೇನೆಂದು ಹಳಿಯ ಮೇಲೆ ಒಮ್ಮೆ ಕೂತವರಿಗೆ ಗೊತ್ತು. ಉಮಾಕಾಂತ ಎದುರಿಗೆ ಸಿಕ್ಕ ಬೆನ್ನೊಂದಕ್ಕೆ ರೈಫಲ್ಲಿನ ಹಿಂಬದಿಯಿಂದ ಗುದ್ದಿದ. ಆ ತುದಿಗೆ ಹಿತ್ತಾಳೆಯ ತಗಡು ಬಡಿದಿರುತ್ತದೆ. ಬಲ ಹೆಗಲಿನ ಎಲುಬು ಲಟಕ್ಕೆಂದಿತು, "ಯವ್ವಾ, ಸತ್ನೆಬೇ" ಎಂಬ ಕೂಗು ಕೇಳಿತು. ಕನ್ನಡ, ಅದೂ ತನ್ನ ಸೀಮೆಯದು. ಈತ ನಿಲ್ಲಲಿಲ್ಲ, ಮುಂದಿನವನನ್ನು ಬಡಿಯಲು ಹೋದ.

ಆ ಬೆನ್ನು ಬೆಟಗೇರಿಯ ರಾಮಕೃಷ್ಣನದು. ಮೂಟೆ ಹೊರುವುದು ಮುಗಿದ ಮೇಲೆ ಅವನು ಮಕರಪುರದ ಕಾರ್ಖಾನೆಯೊಂದರ ಗೇಟಿಗೆ ಚಹಾದ ಗಾಡಿ ಹಾಕಿದ. ಬಲಗೈ ಎದೆಯಿಂದ ಮೇಲೆ ಏಳದು, ಎಡಗೈಯಲ್ಲೇ ಚಹಾ ಹೊಯ್ಯುತ್ತಿದ್ದ. ಕನ್ನಡ ಕೇಳಿ ನಿಂತ ಉಮಾಕಾಂತ, "ಕೈಗೇನಾತು?" ಎಂದು ಕೇಳಿದ್ದ. "ಯಾರ್ಡಿನ್ಯಾಗ ಪೊಲೀಸ್ರು ಬಡದ್ರು" ಎಂದಿದ್ದ ರಾಮಕೃಷ್ಣ. ಉಮಾಕಾಂತ ಬಾಯಿ ಮುಚ್ಚಿಕೊಂಡು ಚಹಾ ಕುಡಿದ. ಮೂವತ್ತು ವರ್ಷ ಕುಡಿದ. ಹಿಂದಿನಿಂದ ಬಿದ್ದ ಪೆಟ್ಟು, ಯಾರದೆಂದು ಅವನಿಗೇನು ಗೊತ್ತು ಎಂದು ನಂಬಿಕೊಂಡು ಗೆಳೆಯನೂ ಆದ.

ಠಾಣೆಯಿಂದ ಪಿಸ್ತೂಲು ಬಿಡಿಸಿಕೊಂಡು ಉಮಾಕಾಂತ ಅಹಮದಾಬಾದಿಗೆ ಹೊರಟಾಗ ರಾಮಕೃಷ್ಣ, "ನಾನೂ ಬರ್ತೀನಿ ಸಾಹೇಬ್ರ, ಅಲ್ಲೇ ವಟ್ವಾದಾಗ ಮಗಳ ಮನಿ ಐತಿ" ಎಂದ. ಬೇಡ ಅನ್ನಲು ಉಮಾಕಾಂತನಿಗೆ ಕಾರಣ ಹೊಳೆಯಲಿಲ್ಲ.

ನವರಂಗಪುರದ ಅಂಗಡಿಯಲ್ಲಿ ಜಯಂತಿಭಾಯಿ ರೈಫಲ್ ತಂದು ಮೇಜಿನ ಮೇಲಿಟ್ಟ. ಮೂತಿ ಮೊಂಡಾಗಿತ್ತು, ಭಾರವೂ ಕಡಿಮೆ. ಆದರೆ ಬೋಲ್ಟ್ ಎಳೆದಾಗ ಸದ್ದು ಅದೇ. ಉಮಾಕಾಂತನ ಕೈ ತಾನಾಗಿಯೇ ಪೆನ್ನಿನ ಕಡೆ ಹೋಯಿತು.

"ಇತ್ಲಾಗ ಕೊಡ್ರಿ ಒಂದ್ಚೂರು" ಎಂದ ರಾಮಕೃಷ್ಣ. ಎಡಗೈಯಲ್ಲಿ ತಿರುವಿ ಹಾಕಿ ಹಿಂಬದಿ ಸವರಿದ. ತಗಡಿನ ಜಾಗದಲ್ಲಿ ದಪ್ಪ ರಬ್ಬರು. "ಹಿತ್ತಾಳೆಯ ತಗಡು ಎಲ್ಲಿ ಸೇಠ್?" ಎಂದು ಹಿಂದಿಯಲ್ಲಿ ಕೇಳಿದ.

"ಭುಜಕ್ಕೆ ಪೆಟ್ಟಾಗಬಾರದಲ್ಲ ಕಾಕಾ, ಅದಕ್ಕೇ ರಬ್ಬರು."

"ಒಳ್ಳೆಯದಾಯಿತು." ಆಮೇಲೆ ಉಮಾಕಾಂತನ ಕಡೆ ತಿರುಗಿ ಕನ್ನಡದಲ್ಲಿ, "ಆವತ್ತ ಇದ ಇದ್ದಿದ್ರ ನನ್ನ ಕೈ ಮ್ಯಾಲ ಏಳ್ತಿತ್ತು ನೋಡ್ರಿ, ಸಾಹೇಬ್ರ."

ಉಮಾಕಾಂತ ಪೆನ್ನು ಹಿಡಿದೇ ಅವನತ್ತ ತಿರುಗಿದ. "ನಿನಗ ಗೊತ್ತಿತ್ತಾ?"

"ಬಿದ್ದಾಂವ ಹೊಳ್ಳಿ ನೋಡೂದಿಲ್ಲೇನ್ರಿ? ಮೊದಲ್ನೇ ದಿನಾನ ಗುರ್ತ ಹಿಡದೆ. ಇವತ್ತ ಹೇಳ್ತಾರ, ನಾಳೆ ಹೇಳ್ತಾರ ಅಂತ ಚಾ ಕೊಟಗೋತ ಬಂದೆ."

"ಬೈಬೇಕಿತ್ತಲ್ಲೋ."

"ನಾ ಯಾಕ ಬಾಯಿ ತೆರೀಲಿ? ಹೇಳೂ ಪಾಳಿ ನಿಮ್ದಿತ್ತು."

ಜಯಂತಿಭಾಯಿ ಕಾಗದ ಮುಂದೆ ಸರಿಸಿದ. ಉಮಾಕಾಂತ ಪೆನ್ನು ಕೆಳಗಿಟ್ಟ. "ರೈಫಲ್ ಬೇಡ. ಪಿಸ್ತೂಲು ಯಾರಾದರೂ ಲೈಸೆನ್ಸಿನವರಿಗೆ ಮಾರಿಬಿಡು."

"ನನ್ನ ಸಲುವಾಗಿ ಬಿಡಬ್ಯಾಡ್ರಿ" ಎಂದ ರಾಮಕೃಷ್ಣ. "ಕಬ್ಬಿಣದ ಮ್ಯಾಲ ನನಗೇನೂ ಸಿಟ್ಟಿಲ್ಲ."

ಹೊರಗೆ ಆಟೋಗಳ ಗದ್ದಲದಲ್ಲಿ ಉಮಾಕಾಂತ, "ತಪ್ಪಾತು ರಾಮಣ್ಣ" ಎಂದ. ಮೂವತ್ತು ವರ್ಷ ಹೊತ್ತು ತಿರುಗಿದ ಮಾತು ಎಷ್ಟು ಸಣ್ಣದಿತ್ತೆಂದರೆ ಅವನಿಗೇ ನಾಚಿಕೆಯಾಯಿತು. ರಾಮಕೃಷ್ಣ "ಹ್ಞೂಂ" ಎಂದು ಎಡಗೈ ಎತ್ತಿ ವಟ್ವಾದ ಆಟೋ ನಿಲ್ಲಿಸಿ ಹತ್ತಿದ.

ಎರಡು ದಿನ ಬಿಟ್ಟು ಉಮಾಕಾಂತ ಗಾಡಿಗೆ ಹೋದ. ರಾಮಕೃಷ್ಣ ಎಂದಿನ ಹಾಗೆ ಶುಂಠಿ ಜಾಸ್ತಿ ಹಾಕಿ ಚಹಾ ಕೊಟ್ಟ. ಸಾಹೇಬ್ರ ಅನ್ನಲಿಲ್ಲ. ಬೇರೆ ಏನಂತಲೂ ಕರೆಯಲಿಲ್ಲ. ಉಮಾಕಾಂತ ದಿನಾ ಕೂರುವ ಬೆಂಚಿನ ಮೇಲೆ ಕೂರದೆ ನಿಂತೇ ಕುಡಿದು ಲೋಟ ಇಟ್ಟ.