ಒಬ್ಬಾಕಿ ಕುಂದರಾಕ ಒಂದು ಮೂಲಿ

ನಮ್ಮತ್ತೆ ಕುಳಿತಾಗಲೂ ಅವರ ತುರುಬು ಹಿತ್ತಲ ಗೋಡೆಯ ಮೇಲೆ ಕಾಣುತ್ತಿತ್ತು. ಅಷ್ಟು ಎತ್ತರದ ಹೆಂಗಸು. ಬೆನ್ನು ಬಾಗಿಸುವುದು ಅವರಿಗೆ ಗೊತ್ತೇ ಇರಲಿಲ್ಲ. ರೊಟ್ಟಿ ಬಡಿಯುವಾಗಲೂ ನೆಟ್ಟಗೇ ಕೂರುವವರು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ, ಬೆಲ್ಲದ ಉಂಡೆಯಂಥ ಆ ತುರುಬು ಗೋಡೆಯಾಚೆ ಹೋಗುವುದನ್ನು, ಬರುವುದನ್ನು ನೋಡಿ ಓಣಿಯವರು ಅದನ್ನೇ ಮಾತಾಡಿಸುತ್ತಿದ್ದರು. “ಅಕ್ಕಾರ, ಅಡಗಿ ಆತೇನ್ರಿ?” ಎಂದು ತುರುಬನ್ನು ಕೇಳುವುದು, “ಆತವ್ವ, ನಿಂದು?” ಎಂದು ಗೋಡೆಯೊಳಗಿಂದ ಉತ್ತರ ಬರುವುದು. ತೊಂಬತ್ತರ ದಶಕದ ನಡುವೆ ನಾನು ಹರಪನಹಳ್ಳಿಯಿಂದ ಕೊಟ್ಟೂರಿಗೆ ಸೊಸೆಯಾಗಿ ಬಂದಾಗ ಮೊದಲು ಕಂಡು ಬೆರಗಾದದ್ದು ಇದನ್ನೇ.

ಇಂಥವರಿಗೆ, ಯಾರಿಗೂ ಕಾಣದ ಹಾಗೆ ಕೂರಬೇಕೆಂಬ ಆಸೆ ಹುಟ್ಟಿತು. ಹುಟ್ಟಿದ್ದು ತುಂಗಭದ್ರಾ ಡ್ಯಾಮಿನ ತೋಟದಲ್ಲಿ. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು, ಟೆಂಪೊ ಮಾಡಿಕೊಂಡು ಕಾರಂಜಿ ನೋಡಲು ಹೋಗಿದ್ದೆವು. ಬಣ್ಣದ ನೀರು ಕುಣಿಯುತ್ತಿದ್ದರೆ ನಮ್ಮತ್ತೆ ಅದಕ್ಕೆ ಬೆನ್ನು ಹಾಕಿ ನಿಂತು, ಗಿಡಗಳ ಬೇಲಿಯೊಳಗಿದ್ದ ಒಂದು ಕಲ್ಲುಬೆಂಚನ್ನು ನೋಡುತ್ತಿದ್ದರು. ಅಲ್ಲಿ ಯಾರೋ ಒಬ್ಬಾಕೆ ಕುಳಿತು ತನ್ನ ಪಾಡಿಗೆ ತಾನು ಶೇಂಗಾ ಸುಲಿದು ತಿನ್ನುತ್ತಿದ್ದಳು.

“ನೋಡು, ಎಷ್ಟ್ ಹೊತ್ತಾತು,” ಎಂದರು ನನ್ನ ಕಿವಿಯಲ್ಲಿ. “ಅಕಿನ್ನ ಯಾರೂ ಏನೂ ಕೇಳವಲ್ರು.”

ನಮ್ಮ ಓಣಿಯಲ್ಲಿ ಅದು ಆಗದ ಮಾತು. ಒಬ್ಬರೇ ಕುಳಿತವರನ್ನು ಕಂಡರೆ “ಯಾಕ್ರೀ, ಒಬ್ಬರ ಕುಂತೀರಿ? ಮೈಯಾಗ ಆರಾಮಿಲ್ಲೇನು?” ಎಂದು ಪಕ್ಕದಲ್ಲಿ ಬಂದು ಕೂರುವುದು ಮನುಷ್ಯರಾದವರ ಲಕ್ಷಣ. ಇನ್ನು ಚಹಾ ಎಂದರೆ ಅರ್ಧ ಕಪ್ಪು. ಕಪ್ಪು ಕೈಗೆ ಬರುವ ಹೊತ್ತಿಗೆ ಬಾಗಿಲಲ್ಲಿ ಯಾರಾದರೂ ಇರುತ್ತಾರೆ. ಅರ್ಧ ಬಸಿಗೆ ಸುರಿದು ಅವರ ಕೈಗೆ ಕೊಡಬೇಕು. ಟೆಂಪೊದಲ್ಲಿ ವಾಪಸು ಬರುವಾಗ ನಮ್ಮತ್ತೆ ನನಗೆ ಹೇಳಿದರು: “ಉಚ್ಚಂಗಿದುರ್ಗದಾಗ ತುಂಬಿದ ಮನ್ಯಾಗ ಹುಟ್ಟಿದೆ. ಇಲ್ಲಿ ತುಂಬಿದ ಮನಿಗೆ ಬಂದೆ. ಒಂದು ಕಪ್ ಚಾ ಪೂರ್ತಿ, ಒಬ್ಬಾಕಿನ ಕುಂತು, ಬಾಯಿ ಮುಚ್ಚಿಕೊಂಡು ಕುಡೀಬೇಕವ್ವ. ಇಷ್ಟ. ಶ್ರೀಶೈಲಕ್ಕ ಕರಕೊಂಡು ಹೋಗ್ರಿ ಅಂದೀನೇನು?”

ಶೇಂಗಾ ವ್ಯಾಪಾರದ ನಮ್ಮ ಮಾವನಿಗೆ ಈ ಆಸೆಯ ತಲೆಬುಡ ತಿಳಿಯಲಿಲ್ಲ. “ಕುಂದರಾಕ ಮುಂದ ಕಟ್ಟಿ ಐತೆಲ್ಲ?” ಎಂದರು.

“ಐತಿ. ಅದರ ಮ್ಯಾಲ ನೀವು ಅದೀರಲ್ಲ.”

ಮಾವ ಪೇಪರು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದರು. ಅದನ್ನೇ ಒಪ್ಪಿಗೆ ಎಂದು ತಿಳಿದು ನಾವು ಕೆಲಸ ಶುರು ಮಾಡಿದೆವು.

ಹಿತ್ತಲ ತುದಿಯಲ್ಲಿ, ಬಚ್ಚಲ ಗೋಡೆಯೂ ಕಾಂಪೌಂಡೂ ಕೂಡುವಲ್ಲಿ, ನಿಂಬೆಗಿಡದ ಬುಡಕ್ಕೆ ಒಂದಿಷ್ಟು ಜಾಗವಿತ್ತು. ಗೌಂಡಿಯನ್ನು ಕರೆಸಿ ಎರಡು ಕಲ್ಲಿನ ಮೇಲೆ ಒಂದು ಚಪ್ಪಡಿ ಹಾಸಿಸಿದೆವು. ಅತ್ತೆ ಕುಳಿತರು. ತುರುಬು ಗೋಡೆಯ ಮೇಲೆ ಬಂತು. “ಅಕ್ಕಾರ, ಇಲ್ಲೇನ್ ಮಾಡಾಕತ್ತೀರಿ?” ಎಂದು ಓಣಿಯಿಂದ ಯಾರೋ ಕೇಳಿಯೂ ಬಿಟ್ಟರು. ಗೌಂಡಿ ಚಪ್ಪಡಿಯನ್ನು ಇಳಿಸಿದ. ಮತ್ತೆ ಕುಳಿತರೆ ತುರುಬು ಮರೆಯಾಯಿತು, ಆದರೆ ಮೊಳಕಾಲು ಗದ್ದಕ್ಕೆ ತಾಗಿತು. “ಇದು ಕುಂದರೋದಲ್ಲ, ಹುದುಗೋದು. ನಾ ಏನು ಕದ್ದು ಬಂದೀನೇನು?” ಎಂದು ಚಪ್ಪಡಿಯನ್ನು ಮತ್ತೆ ಏರಿಸಿದರು. ಅವರು ಇಳಿಯುವುದಿಲ್ಲವೆಂದಾದ ಮೇಲೆ ಮರೆಯೇ ಏರಬೇಕಾಯಿತು.

ಹೊಲದಿಂದ ಹೊಂಗೆ ಸೊಪ್ಪು, ತೆಂಗಿನ ಗರಿ ತರಿಸಿದರು. ಬಿದಿರು ಗಳ ನೆಟ್ಟು, ಸುತ್ತಲೂ ಸೊಪ್ಪು ಕಟ್ಟಿ, ಸಂಜೆಯ ಹೊತ್ತಿಗೆ ತಂಪಾದ ಒಂದು ಗುಡ್ಲು ಎಬ್ಬಿಸಿದೆವು. ನಾನು ಕಪ್ಪು ತುಂಬ ಚಹಾ ಮಾಡಿ ಕೊಟ್ಟೆ. ಅತ್ತೆ ಒಳಗೆ ಹೋಗಿ ಕುಳಿತರು. ಓಣಿಯವರ ಕಣ್ಣಿಗೆ ಇದು ಹೇಗೆ ಕಂಡೀತು ಎಂಬುದು ಮಾತ್ರ ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಹಿತ್ತಲಲ್ಲಿ ಹಸಿ ಸೊಪ್ಪಿನ ಗುಡ್ಲು ಎದ್ದರೆ ನಮ್ಮ ಕಡೆ ಅದಕ್ಕೆ ಇರುವುದು ಒಂದೇ ಅರ್ಥ: ಆ ಮನೆಯ ಹುಡುಗಿ ಮೈನೆರೆದಿದ್ದಾಳೆ, ಅವಳನ್ನು ಒಳಗೆ ಕೂರಿಸಿದ್ದಾರೆ. ನಮ್ಮ ಮನೆಯಲ್ಲಿ ಆ ವಯಸ್ಸಿನ ಹುಡುಗಿಯೇ ಇರಲಿಲ್ಲ. ಅದನ್ನು ಯಾರು ಯೋಚಿಸುತ್ತಾರೆ?

ಗೋಡೆಯಾಚೆ ಮನೆಯ ಹೆಂಗಸನ್ನು ಓಣಿಯೆಲ್ಲ ಚಿಗವ್ವ ಎಂದೇ ಕರೆಯುತ್ತಿತ್ತು. ಮೊದಲು ನೋಡಿದ್ದು ಆಕೆ. ನೋಡಿದವಳು ಸುಮ್ಮನಿರುವ ಜಾತಿಯಲ್ಲ. ಅತ್ತೆ ಮೊದಲ ಗುಟುಕು ಕುಡಿಯುವಷ್ಟರಲ್ಲಿ ಆರತಿ ತಟ್ಟೆ, ಕೊಬ್ಬರಿ ಬಟ್ಟಲು, ಎಳ್ಳು ಚಿಗಳಿ ಹಿಡಿದ ಹೆಂಗಸರ ಸಾಲು ಹಿಂದಿನ ಬಾಗಿಲಿನಿಂದ ಒಳಗೆ ಬಂತು.

“ಹೇಳಲೇ ಇಲ್ಲಲ್ರೀ ಅಕ್ಕಾರ!” ಎಂದು ಚಿಗವ್ವ ಗುಡ್ಲಿನ ಮುಂದೆ ನಿಂತು ಕೂಗಿದಳು. “ಯಾರ್ ದೊಡ್ಡಾಕಿ ಆಗ್ಯಾರ?”

ಗರಿ ಸರಿಯಿತು. ಕಪ್ಪು ಹಿಡಿದುಕೊಂಡೇ ಅತ್ತೆ ಹೊರಗೆ ತಲೆ ಹಾಕಿದರು. “ನಾನ,” ಎಂದರು. “ಬರ್ರಿ, ಆರತಿ ಮಾಡ್ರಿ.”

ಸಾಲಿನ ಹಿಂದಿದ್ದವರು ತಟ್ಟೆ ಸಮೇತ ಬಾಗಿಲ ಕಡೆ ತಿರುಗಿದರು. ಚಿಗವ್ವ ಮಾತ್ರ, ಹಚ್ಚಿದ ಆರತಿಯನ್ನು ಬೆಳಗದೆ ವಾಪಸು ಒಯ್ಯಬಾರದು ಎಂದಳು. ಸರಿ, ಮೊಮ್ಮಕ್ಕಳು ಬರಬೇಕಾದ ವಯಸ್ಸಿನ ನಮ್ಮತ್ತೆಯನ್ನು ಚಪ್ಪಡಿಯ ಮೇಲೆ ಕೂರಿಸಿ, ಆರತಿ ಬೆಳಗಿ, ಉಡಿ ತುಂಬಿ, ಹಾಡನ್ನೂ ಹೇಳಿದರು. ನಮ್ಮತ್ತೆ ಮದುಮಗಳಂತೆ ತಲೆ ತಗ್ಗಿಸಿದ್ದು ನಾಚಿಕೆಯಿಂದಲ್ಲ, ನಗು ತಡೆಯಲಿಕ್ಕೆ. ಆ ಕಪ್ಪಿನ ಚಹಾ ಎಷ್ಟು ಬಸಿಗಳಿಗೆ ಹಂಚಿಹೋಯಿತೋ ದೇವರೇ ಬಲ್ಲ. ಪೇಟೆಯಿಂದ ಬಂದ ಮಾವ ಹಿತ್ತಲಲ್ಲಿ ಸೋಬಾನೆ ಕೇಳಿ “ಏನದು?” ಎಂದರು. ಹೇಳಿದೆ. ಅವರು ಚಪ್ಪಲಿಯನ್ನೂ ಬಿಚ್ಚದೆ ಹಾಗೇ ಪೇಟೆಗೆ ತಿರುಗಿ ಹೋದರು.

ಸೊಪ್ಪು ಎರಡು ದಿನಕ್ಕೆ ಬಾಡಿತು. ಬೆಳೆಯುವ ಮರೆಯೇ ಬೇಕೆಂದು ಅತ್ತೆ ತೀರ್ಮಾನಿಸಿದರು. ನಾನು ದಾಸವಾಳ ಹಚ್ಚೋಣ ಎಂದೆ.

“ದಾಸಾಳ ಹಚ್ಚಿದ್ರ ಮುಂಜಾನಿ ಹೂವಿಗೆ ಬರ್ತಾರ. ಮಲ್ಲಿಗಿ ಹಚ್ಚಿದ್ರ ಸಂಜಿಗೆ ಬರ್ತಾರ. ಪತ್ರಿ ಹಚ್ಚೋಣು. ಮುಳ್ಳೈತಿ, ಕೈ ಹಾಕಿದ್ರ ಚುಚ್ಚತೈತಿ. ಯಾರ್ ಬರ್ತಾರ ನೋಡೋಣು.”

ದಿನಾ ಲಿಂಗಪೂಜೆ ಮಾಡುವ ಹೆಂಗಸು ಆಡಿದ ಮಾತಿದು. ಅವರ ಪೂಜೆಯ ಪತ್ರೆಯನ್ನು ನಮ್ಮ ಓಣಿಯ ಜಂಗಮರಾದ ಅಯ್ಯನವರು ಮುಂಜಾನೆ ಮುಂಜಾನೆ ಮನೆಬಾಗಿಲಿಗೆ ತಂದುಕೊಡುತ್ತಿದ್ದರು. ಅವರು ಎಲ್ಲಿಂದ ತರುತ್ತಾರೆಂದು ಯಾರೂ ಕೇಳಿರಲಿಲ್ಲ. ಊರಿಗೆ ಊರೇ ಶಿವನದಾಗಿರುವಲ್ಲಿ ಬಿಲ್ವಪತ್ರೆಯನ್ನು ಬೇಲಿಗೆ ಹಚ್ಚುವುದೆಂದರೆ, ಯಾರೂ ಬರಬಾರದೆಂದು ಬಾಗಿಲಲ್ಲಿ ಮಿರ್ಚಿ-ಮಂಡಕ್ಕಿ ಅಂಗಡಿ ಇಟ್ಟಂತೆ.

ಸಸಿಗಳು ಹಟಮಾರಿಗಳು, ಬೆಳೆಯಲು ವರ್ಷಗಳೇ ಹಿಡಿದವು. ಅತ್ತೆ ಬಚ್ಚಲ ನೀರನ್ನು ಅವುಗಳ ಬುಡಕ್ಕೆ ತಿರುಗಿಸಿ, ಮಕ್ಕಳ ತಲೆಗೂದಲು ನೋಡಿದಂತೆ ದಿನಾ ಚಿಗುರು ನೋಡುತ್ತಿದ್ದರು. ಈ ನಡುವೆ ನನಗೂ ಎರಡು ಮಕ್ಕಳಾದವು. ಬೇಲಿ ಆಳೆತ್ತರ ಬಂದಾಗ ವೆಲ್ಡಿಂಗ್ ಅಂಗಡಿಯ ಭಾಯಿಗೆ ಹೇಳಿ ಒಂದು ಸಣ್ಣ ಗೇಟು ಮಾಡಿಸಿದರು. ಚಿಲಕ ಒಳಗಡೆ ಇರಬೇಕೆಂದಾಗ ಅವನು ತಲೆ ಕೆರೆದುಕೊಂಡ. “ಅಮ್ಮಾ, ಒಳಗಿನ ಚಿಲಕ ಬಚ್ಚಲಕ್ಕ ಇರ್ತೈತಿ, ಗಿಡಕ್ಕಲ್ಲ.”

“ನೀ ಹಾಕಪ್ಪ. ಬಚ್ಚಲದಾಗ ಸೈತ ನನ್ನ ಬಿಡವಲ್ರು,” ಎಂದರು ಅತ್ತೆ.

ಕೆಲವು ದಿನ ಸುಖವಾಗಿ ನಡೆಯಿತು. ಆಮೇಲೊಂದು ಸಂಜೆ ಅಯ್ಯನವರು ಗೇಟಿನ ಹೊರಗೆ ನಿಂತು ಆನಂದದಿಂದ ಕಣ್ಣೊರೆಸಿಕೊಂಡರು. “ಊರೆಲ್ಲ ಅಡ್ಡಾಡಿ ಅಡ್ಡಾಡಿ ಕಾಲು ಸೋತಿದ್ವು ತಾಯಿ. ಶಿವನ ನಿಮ್ಮ ಕೈಲೆ ಹಚ್ಚಿಸ್ಯಾನ.” ಪತ್ರೆ ಕೇಳಿದವರಿಗೆ ಇಲ್ಲವೆನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದು ಗಿಡ ಹಚ್ಚಿದವರದಲ್ಲ, ದೇವರದು. ಅತ್ತೆ ಕಪ್ಪು ಕೆಳಗಿಟ್ಟು ಚಿಲಕ ತೆಗೆದರು. ಮರುದಿನ ಇನ್ನಿಬ್ಬರು ಬಂದರು. ಸೋಮವಾರ ಓಣಿಯೇ ಬಂತು. ಶ್ರಾವಣ ಬಂದಾಗಂತೂ ಗುರುತಿಲ್ಲದವರೂ ಬುಟ್ಟಿ ಹಿಡಿದು ಬಂದರು. ತಿಂಗಳು ಮುಗಿಯುವ ಹೊತ್ತಿಗೆ ಬೇಲಿಯಲ್ಲಿ ಮುಳ್ಳು ಬಿಟ್ಟು ಮತ್ತೇನೂ ಉಳಿಯಲಿಲ್ಲ. ನಡುವೆ ಚಪ್ಪಡಿಯ ಮೇಲೆ, ನಾಲ್ಕೂ ದಿಕ್ಕಿಗೆ ಕಾಣುತ್ತ, ನಮ್ಮತ್ತೆ.

“ದೇವರು ವರ ಕೊಟ್ರೂ ಪೂಜಾರಿ ಕೊಡಲಿಲ್ಲ ಅಂದಂಗಾತು,” ಎಂದರು. ಮಾವ, ಬೇಲಿ ಕಡಿಸಿಬಿಡೋಣ ಎಂದರು. “ಪತ್ರಿ ಗಿಡಕ್ಕ ಕೊಡ್ಲಿ ಹಚ್ಚತಾರೇನ್ರಿ?” ಎಂದು ಅತ್ತೆ ಅವರ ಮೇಲೇ ಹರಿಹಾಯ್ದರು. ಇಟ್ಟುಕೊಂಡರೆ ಊರು ಬರುತ್ತದೆ, ಕಡಿದರೆ ಪಾಪ ಬರುತ್ತದೆ.

ಬೇಲಿ ಮತ್ತೆ ಚಿಗುರುವ ಹೊತ್ತಿಗೆ ಅತ್ತೆಗೆ ಒಂದು ಉಪಾಯ ಹೊಳೆದಿತ್ತು. ಪೂಜೆಗೆ ಕುಳಿತವರನ್ನು ಯಾರೂ ಮಾತಾಡಿಸುವುದಿಲ್ಲ. ಲಿಂಗ ಕೈಯಲ್ಲಿ ಹಿಡಿದು ಸುಳ್ಳಾಡುವ ಧೈರ್ಯ ಅವರಿಗಿರಲಿಲ್ಲ. ಅದಕ್ಕೆ ಬರೀ ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಕಣ್ಣು ಮುಚ್ಚಿ, ನೆಟ್ಟಗೆ ಕೂರುತ್ತಿದ್ದರು. ಚಹಾದ ಕಪ್ಪು ಸೆರಗಿನ ಹಿಂದೆ ಇರುತ್ತಿತ್ತು. ಬಂದವರು ಬೆಕ್ಕಿನ ಹೆಜ್ಜೆಯಲ್ಲಿ ಪತ್ರೆ ಹರಿದುಕೊಂಡು ಹೋಗುತ್ತಿದ್ದರು. ಎಂಥ ಭಕ್ತಿ ಎಂದು ಊರೆಲ್ಲ ಮಾತಾಯಿತು. ಒಂದು ಸಂಜೆ ಅಯ್ಯನವರು ಬಂದು, ಬೇಕಾದಷ್ಟು ಹರಿದುಕೊಂಡು, ಹೋಗುವಾಗ ಬಗ್ಗಿ ಮೆಲ್ಲಗೆ, “ತಾಯಿ, ಚಾ ಆರಾಕತ್ತೈತಿ,” ಎಂದು ಹೇಳಿ ಹೋದರು. ಆ ಮಾತನ್ನು ಅವರು ಬೇರೆ ಯಾರಿಗೂ ಹೇಳಲಿಲ್ಲ. ಅತ್ತೆ ಆವತ್ತಿನಿಂದ ಅವರಿಗೆ ಚಿಗುರು ಪತ್ರೆಯನ್ನು ತಾವೇ ಆರಿಸಿ ಕೊಡತೊಡಗಿದರು.

ಇಷ್ಟೇ ಆಗಿದ್ದರೆ ನಾನು ಅವರನ್ನು ನಕ್ಕು ನೆನೆಸಿ ಸುಮ್ಮನಾಗುತ್ತಿದ್ದೆ. ಆದರೆ ಮರುವರ್ಷ ನಮ್ಮಪ್ಪ ತೀರಿಕೊಂಡರು. ಹರಪನಹಳ್ಳಿಯಲ್ಲಿ ಕಾರ್ಯ ಮುಗಿಸಿ ಕೊಟ್ಟೂರಿಗೆ ಬಂದೆ. ಬಂದ ದಿನದಿಂದ ಮಾತಾಡಿಸಲು ಬರುವವರ ಸಾಲು. ಬಂದವರೆಲ್ಲ ಹೇಗಾಯಿತೆಂದು ಕೇಳುವರು. ನಾನು ಮೊದಲಿನಿಂದ ಹೇಳುವೆನು. ಅವರು ಅಳುವರು, ನಾನು ಸಮಾಧಾನ ಮಾಡಿ ಚಹಾ ಕೊಡುವೆನು. ಹೇಳಿ ಹೇಳಿ ಅಪ್ಪನ ಸಾವು ಬೇರೆ ಯಾರದೋ ಮನೆಯ ಸುದ್ದಿಯಂತೆ ಕೇಳಿಸತೊಡಗಿತ್ತು. ನಾನು ಮಾತ್ರ ಇನ್ನೂ ಅತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಾತಿನ ನಡುವೆಯೇ ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. ಹಿತ್ತಲಿಗೆ ಕರೆದೊಯ್ದು ಆ ಚಪ್ಪಡಿಯ ಮೇಲೆ ಕೂರಿಸಿದರು. “ಇಲ್ಲಿ ಯಾರೂ ಕೇಳಂಗಿಲ್ಲ,” ಎಂದಷ್ಟೇ ಹೇಳಿ, ಗೇಟು ಎಳೆದುಕೊಂಡು ಹೊರಗೆ ನಿಂತರು. ಬೇಲಿಯಾಚೆಯ ಮಾತುಗಳು ನನಗೆ ಕೇಳುತ್ತಿದ್ದವು.

“ದುಃಖದಾಗ ಒಬ್ಬಾಕಿನ್ನ ಬಿಡಬಾರದ್ರೀ ಅಕ್ಕಾರ,” ಎಂದಳು ಚಿಗವ್ವ.

“ಬಿಡಬೇಕು.”

ನನ್ನ ಗಂಡ ಬಂದರು. “ಯವ್ವಾ, ನಾನರ ಹೋಗ್ಲೇನು?”

“ನಿನ್ನ ಮುಂದ ಅಳಾಕ ಬರದಿದ್ದೂ ಇರ್ತೈತಿ. ನಡಿ ಒಳಗ.”

ಆಮೇಲೆ ಅಯ್ಯನವರ ಪಾದರಕ್ಷೆಯ ಸಪ್ಪಳ ಕೇಳಿತು. ಇವರನ್ನು ತಡೆಯುವುದು ಸಾಧ್ಯವಿಲ್ಲ ಎಂದುಕೊಂಡು ನಾನು ಮುಖ ಒರೆಸಿಕೊಂಡೆ. ಅತ್ತೆಯ ದನಿ ಕೇಳಿತು, ಎಂದಿಗಿಂತ ಮೆಲ್ಲಗೆ: “ಇವತ್ತ ಪತ್ರಿ ಇಲ್ರೀ ಅಯ್ಯನೋರ. ಒಳಗ ನನ್ನ ಸೊಸಿ ಅಳಾಕತ್ಯಾಳ.”

ತಮ್ಮ ಚಹಾಕ್ಕಾಗಿ ಅತ್ತೆ ‘ಪತ್ರಿ ಇಲ್ಲ’ ಎಂಬ ಮಾತನ್ನು ಒಂದು ದಿನವೂ ಆಡಿರಲಿಲ್ಲ. ಬೇಲಿಯೆಲ್ಲ ಬೋಳಾದಾಗಲೂ ಆಡಿರಲಿಲ್ಲ. ಪಾದರಕ್ಷೆಯ ಸಪ್ಪಳ ಬಂದ ದಾರಿಯಲ್ಲೇ ದೂರವಾಯಿತು. ನಾನು ಸೆರಗು ಬಾಯಿಗಿಟ್ಟುಕೊಳ್ಳದೆ ಅತ್ತದ್ದು ಆಗ. ಅಪ್ಪ ಹೋದದ್ದು ನನಗೆ ನಿಜವಾದದ್ದೂ ಆಗಲೇ. ಹೊರಗೆ ಬಂದಾಗ ಬಿಸಿಲು ಇಳಿದಿತ್ತು. ಅತ್ತೆ ಇನ್ನೂ ನಿಂತೇ ಇದ್ದರು. ಮಂಡಿ ನೋವಿನ ಹೆಂಗಸು. ನನ್ನನ್ನು ಏನೂ ಕೇಳಲಿಲ್ಲ. ಆ ಋಣವನ್ನು ನಾನು ತೀರಿಸಿಲ್ಲ, ಹೇಗೆ ತೀರಿಸುವುದೆಂದು ಗೊತ್ತೂ ಇಲ್ಲ.

ಕೆಲವು ವರ್ಷಗಳಾದ ಮೇಲೆ ಅವರೂ ಹೋದರು. ಮೂರೇ ದಿನದ ಜ್ವರ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ; ಮಣ್ಣಿನಲ್ಲಿಯೂ ಕೂರಿಸಿಯೇ ಇಡುತ್ತಾರೆ. ಪಡಸಾಲೆಯ ಗೋಡೆಗೆ ಆನಿಸಿ ಕೂರಿಸಿದ್ದರು. ಮನೆ ತುಂಬ ಜನ, ಭಜನೆ, ತಾಳ. ಚಿಗವ್ವ ಅವರಿಗೆ ಒತ್ತಿಕೊಂಡೇ ಕುಳಿತು, ಅವರ ಮುಖದ ಮೇಲಿನ ನೊಣ ಹೊಡೆಯುತ್ತಿದ್ದಳು. ಒಮ್ಮೆಲೇ ನನ್ನ ಕಡೆ ತಿರುಗಿ, ಅಳುತ್ತ ನಗುತ್ತ ಹೇಳಿದಳು: “ನೋಡವ್ವ, ಇವತ್ತ ಸೈತ ನಾವು ಅಕಿನ್ನ ಒಬ್ಬಾಕಿನ್ನ ಬಿಡವಲ್ವಿ. ಇನ್ನೊಂದ್ ತಾಸು ತಡಕೋ ಅಂತ ಹೇಳು ನಮ್ಮಕ್ಕಗ.”

ನನಗೆ ನಗು ಬಂತು. ಹಿಂದೆಯೇ ಅಳುವೂ ಬಂತು. ಹಿತ್ತಲಿಗೆ ಹೋಗಬೇಕೆಂದು ಎದ್ದವಳು ನಡುಮನೆಯವರೆಗೂ ಹೋಗಿ ತಿರುಗಿ ಬಂದೆ. ಅವರ ಕಾಲ ಬಳಿ, ಊರೆಲ್ಲದರ ಎದುರಿಗೇ, ಕುಳಿತು ಅತ್ತುಬಿಟ್ಟೆ. ಅಲ್ಲಿಗೆ ಹೋಗಿದ್ದರೆ ಗೇಟಿನ ಹೊರಗೆ ನಿಲ್ಲುವವರು ಯಾರಿದ್ದರು?