ಡಬ್ಬಿಗೆ ಬಿದ್ದ ಕಾರ್ಡು

ನಮ್ಮಪ್ಪ ಮಸ್ಕಿಯಲ್ಲಿ ಲಗ್ನಪತ್ರಿಕೆ ಮುದ್ರಿಸುತ್ತಾರೆ. ಕಾಗದ ಕತ್ತರಿಸಿದ ಮೇಲೆ ಅಂಚಿನ ತುಂಡುಗಳು ಉಳಿಯುತ್ತವೆ. ಅಂಗೈ ಅಗಲದವು, ದಪ್ಪನೆಯವು, ಕೆಲವಕ್ಕೆ ಒಂದು ಬದಿ ಬಂಗಾರದ ಗೆರೆ ಬೇರೆ. ಮೊದಲೆಲ್ಲ ಅವನ್ನು ನೀರೊಲೆಗೆ ಹಾಕುತ್ತಿದ್ದೆವು. ನಾನು ಬಿಹೇವಿಯರ್ ಟೆಕ್ನಿಷಿಯನ್ ಪರೀಕ್ಷೆಗೆ ಓದಲು ಕೂತ ಮೇಲೆ ಆ ತುಂಡುಗಳೆಲ್ಲ ನನ್ನ ಪಾಲಾದವು. ಒಂದು ಬದಿಗೆ ಇಂಗ್ಲಿಷಿನ ಶಬ್ದ, ಇನ್ನೊಂದು ಬದಿಗೆ ಅದರ ಅರ್ಥ, ನನಗೆ ತಲೆಗೆ ಹೋಗುವಂಥ ಕನ್ನಡದಲ್ಲಿ. ಹೀಗೆ ಇನ್ನೂರರ ಮೇಲೆ ಕಾರ್ಡು ಬರೆದೆ.

ಈ ಕೆಲಸ ಎಂಥದ್ದು ಎಂದು ಮನೆಯವರಿಗೇ ನಾಲ್ಕು ಸಲ ಬಿಡಿಸಿ ಹೇಳಬೇಕಾಯಿತು. ಸಿಂಧನೂರಿನಲ್ಲಿ ಒಂದು ಗೊಬ್ಬರದಂಗಡಿಯ ಮೇಲೆ ಎರಡು ಕೋಣೆಗಳ ಕೇಂದ್ರ ನಮ್ಮದು. ಆಟಿಸಂ ಇರುವ ಮಕ್ಕಳು ಬರುತ್ತಾರೆ. ಮೇಲಿನವರು ಬರೆದುಕೊಟ್ಟ ಯೋಜನೆಯಂತೆ ಒಂದೊಂದು ಮಗುವಿನ ಎದುರು ಕೂತು, ಕರೆದರೆ ತಿರುಗುವುದು, ಚಿತ್ರ ತೋರಿಸಿ ಬೇಕಾದ್ದನ್ನು ಕೇಳುವುದು, ಅಂಗಿಯ ಗುಂಡಿ ಹಾಕಿಕೊಳ್ಳುವುದು, ಇಂಥವನ್ನು ಚೂರುಚೂರಾಗಿ ಕಲಿಸಬೇಕು. ಪ್ರತಿಯೊಂದಕ್ಕೂ ಹಾಳೆಯ ಮೇಲೆ ಗುರುತು ಹಾಕಬೇಕು. ಬಿ.ಎಡ್. ಮುಗಿಸಿ ಮೂರು ವರ್ಷ ಮನೆಯಲ್ಲಿ ಕೂತಿದ್ದ ನನಗೆ ಅದು ಸಿಕ್ಕಿದ್ದೇ ದೊಡ್ಡದು. ಆದರೆ ಸಂತೆಕಲ್ಲೂರಿನ ನಮ್ಮ ಸೋದರತ್ತೆ ಬಂದಾಗಲೆಲ್ಲ, ಇವಳು ಹುಚ್ಚು ಹುಡುಗರನ್ನು ಕಾಯಲು ಹೋಗುತ್ತಾಳೆ ಎಂದು ಬಂದವರ ಮುಂದೆಲ್ಲ ಹೇಳುವಳು. ಅವಳ ಬಾಯಿ ಮುಚ್ಚಿಸಲು ನನಗೊಂದು ಸರ್ಟಿಫಿಕೇಟು ಬೇಕಿತ್ತು. ಮಕ್ಕಳ ಮೇಲಿನ ಪ್ರೀತಿಯಿಂದ ಓದಿದೆ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳಾಗುತ್ತದೆ.

ಓದುತ್ತಿದ್ದುದು ಬೆಳಗಿನ ಬಸ್ಸಿನಲ್ಲಿ. ಮಸ್ಕಿಯಿಂದ ಸಿಂಧನೂರಿಗೆ ಹೋಗುವಷ್ಟರಲ್ಲಿ ಮೂವತ್ತು ನಲವತ್ತು ಕಾರ್ಡು ತಿರುಗಿಸಿ ನೋಡಬಹುದಿತ್ತು. ಬಾರದವು ಒಂದು ಕಟ್ಟು, ಅನುಮಾನವಿದ್ದವು ಇನ್ನೊಂದು ಕಟ್ಟು, ಎರಡಕ್ಕೂ ರಬ್ಬರ್ ಬ್ಯಾಂಡು. ಮೂರು ಸಲ ತಡವರಿಸದೆ ಹೇಳಿದ ಕಾರ್ಡು ಮಾತ್ರ ಮನೆಯಲ್ಲಿದ್ದ ಬಿಸ್ಕೀಟಿನ ಡಬ್ಬಿಗೆ ಹೋಗುತ್ತಿತ್ತು. ಡಬ್ಬಿಗೆ ಹೋದದ್ದನ್ನು ಮತ್ತೆ ನೋಡುವಂತಿಲ್ಲ, ಅದು ನಾನೇ ಮಾಡಿಕೊಂಡ ನಿಯಮ. ಅಪ್ಪ ಊಟಕ್ಕೆ ಕೂತಾಗ ಡಬ್ಬಿ ಎಷ್ಟು ತುಂಬಿತು ಎಂದು ಕೇಳುವರು. ನಾನು ಡಬ್ಬಿ ಅಲ್ಲಾಡಿಸಿ ತೋರಿಸುವೆ. ಆ ಸಪ್ಪಳ ದಿನದಿಂದ ದಿನಕ್ಕೆ ಕಡಿಮೆಯಾಗುತ್ತ ಬಂತು, ಅಂದರೆ ಡಬ್ಬಿ ತುಂಬುತ್ತ ಬಂತು. ನನಗೆ ಆಗ ಅದರಷ್ಟು ಖುಷಿ ಕೊಡುತ್ತಿದ್ದುದು ಬೇರೊಂದಿರಲಿಲ್ಲ.

ನನ್ನ ಪಾಲಿಗಿದ್ದ ಮಕ್ಕಳಲ್ಲಿ ಜವಳಗೇರಾದ ಏಳು ವರ್ಷದ ಹುಡುಗಿಯೊಬ್ಬಳು. ಮಾತಿಲ್ಲ. ಅಪ್ಪ ಅವ್ವ ಇಬ್ಬರೂ ಗದ್ದೆಯ ಕೂಲಿಗೆ ಹೋಗುವವರು, ಹಾಗಾಗಿ ಅಜ್ಜಿ ದಿನಾ ಬಸ್ಸಿನಲ್ಲಿ ಕರೆತಂದು, ಪಾಠ ಮುಗಿಯುವವರೆಗೆ ಮೆಟ್ಟಿಲ ಮೇಲೆ ಕೂತಿರುವಳು. ಹುಡುಗಿಗೆ ಧಾನ್ಯವೆಂದರೆ ಜೀವ. ಒಂದು ಮುಷ್ಟಿ ಭತ್ತ ಕೊಟ್ಟರೆ ಒಂದು ಕೈಯಿಂದ ಇನ್ನೊಂದು ಕೈಗೆ ಸುರಿಯುತ್ತ ತಾಸುಗಟ್ಟಲೆ ಕೂರುವಳು. ಮೊದಲ ದಿನವೇ ಅಜ್ಜಿ ತನಗೇನು ಬೇಕು ಎಂಬುದನ್ನು ಸ್ಪಷ್ಟವಾಗಿ ಹೇಳಿದ್ದಳು.

"ನಮ್ಮ ಮನಿ ಮುಂದ ಕಾಲುವಿ ಐತ್ರೀ ಟೀಚರ್. ಬಾಗಿಲ ತೆರದ್ರ ಓಡ್ತಾಳ. ಮಾತಾಡದಿದ್ರ ಬ್ಯಾಡ, ಕರದಾಗ ನನ್ನ ಕಡಿ ತಿರುಗಿ ನೋಡಿದ್ರ ಸಾಕು, ಓಡಿ ಹೋಗಿ ಹಿಡಕೊಂತೀನಿ."

ಅಷ್ಟಕ್ಕೇ ಎಂಟು ತಿಂಗಳು ಹಿಡಿಯಿತು. ಮೊದಲು ಮೊಣಕಾಲಿಗೆ ಮೊಣಕಾಲು ಹಚ್ಚಿ ಕೂತು ಕರೆಯುವುದು, ತಿರುಗಿದರೆ ಅಂಗೈಗೆ ಒಂದಿಷ್ಟು ಭತ್ತ. ಆಮೇಲೆ ಎರಡು ಹೆಜ್ಜೆ ದೂರದಿಂದ, ಆಮೇಲೆ ಬಾಗಿಲಿನಿಂದ. ಕೊನೆಗೊಂದು ದಿನ ಅಜ್ಜಿ ಮೆಟ್ಟಿಲಿನಿಂದ ಕರೆದಾಗ ಹುಡುಗಿ ಸರಕ್ಕನೆ ತಿರುಗಿ ಅವಳ ಮುಖವನ್ನೇ ನೋಡಿದಳು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, ಮರುದಿನ ನನಗೆ ಒಂದು ಗಂಟು ಶೇಂಗಾ ತಂದುಕೊಟ್ಟಳು. ನಾನು ಬೀಗಿದೆ. ಹಾಳೆಯ ಮೇಲೆ ಸಾಲಾಗಿ ಸರಿ ಗುರುತುಗಳು ಬಿದ್ದಿದ್ದವು.

ಪರೀಕ್ಷೆಗೆ ಐದು ವಾರ ಇರುವಾಗ ಭತ್ತದ ಕೊಯ್ಲು ಶುರುವಾಯಿತು. ಜವಳಗೇರಾದಲ್ಲಿ ಮನೆಮನೆಯ ಮುಂದೆ ರಾಶಿ. ಆ ದಿನಗಳಲ್ಲೇ ಹುಡುಗಿ ಬಲಗಿವಿಗೆ ಅಂಗೈಯಿಂದ ಹೊಡೆದುಕೊಳ್ಳತೊಡಗಿದಳು. ಎದುರಿಗೆ ಕೂರಿಸಿ ಚಿತ್ರದ ಕಾರ್ಡು ಹಿಡಿದರೆ ಸಾಕು, ಪಟಪಟನೆ ನಾಲ್ಕೈದು ಏಟು. ನಾನು ಕಲಿತಂತೆ ಮೂರು ಖಾನೆ ಬರೆದೆ. ಮೊದಲು ಏನಾಯಿತು: ಕಾರ್ಡು ತೋರಿಸಿದೆ. ಆಮೇಲೆ: ಕಿವಿಗೆ ಹೊಡೆದುಕೊಂಡಳು. ಅದರಿಂದ ಏನು ಸಿಕ್ಕಿತು: ಪಾಠ ನಿಂತಿತು. ಮೂರು ದಿನ ಹೀಗೇ ಬರೆದ ಮೇಲೆ ನನಗೆ ಉತ್ತರ ಹೊಳೆದೇ ಬಿಟ್ಟಿತು. ಪಾಠ ತಪ್ಪಿಸಿಕೊಳ್ಳಲು ಹೂಡಿದ ಹಂಚಿಕೆ ಇದು. ಇದಕ್ಕೆ ಇಂಗ್ಲಿಷಿನಲ್ಲಿ ಎಸ್ಕೇಪ್ ಎನ್ನುತ್ತಾರೆ, ಆ ಶಬ್ದದ ಕಾರ್ಡು ಅದೇ ವಾರ ಡಬ್ಬಿಗೆ ಹೋಗಿತ್ತು.

ಅಜ್ಜಿ ಒಂದು ದಿನ ಮೆಟ್ಟಿಲು ಬಿಟ್ಟು ಒಳಗೆ ಬಂದಳು. ಅವಳು ಹಾಗೆ ಬರುವವಳಲ್ಲ.

"ಇಕಿ ಕಿವ್ಯಾಗ ಏನೋ ನೋವು ಐತ್ರೀ. ಮಲಗಿದಾಗೂ ಆ ಕಡಿ ಕಿವಿ ಹಾಸಿಗಿಗೆ ಹಚ್ಚವಲ್ಲಳು."

"ನೋವಲ್ಲಮ್ಮಾ, ಇದು ನಡತಿ," ಎಂದೆ. "ನೀವು ರಮಿಸಿದಷ್ಟೂ ಜಾಸ್ತಿ ಆಗ್ತೈತಿ. ನೋಡಿದ್ರೂ ನೋಡದಂಗ ಇರ್ರಿ."

ಕಾಸಿದ ಎಣ್ಣೆ ಎರಡು ಹನಿ ಬಿಡಲೇ ಎಂದು ಕೇಳಿದಳು. ಅದನ್ನೂ ಬೇಡ ಎಂದೆ. ಅದೊಂದು ಮಾತ್ರ ನಾನು ಸರಿಯಾಗಿ ಹೇಳಿದ್ದೆಂದು ಆಮೇಲೆ ಡಾಕ್ಟರು ಹೇಳಿದರು, ಅದೂ ನಾನು ತಿಳಿದು ಹೇಳಿದ್ದಲ್ಲ. ನೀವು ಓದಿದವರು ಎಂದು ಹೇಳಿ ಅಜ್ಜಿ ಮೆಟ್ಟಿಲಿಗೆ ಹೋದಳು.

ನಮ್ಮ ಮೇಲ್ವಿಚಾರಕಿ ಕಲಬುರಗಿ ಕಡೆಯವರು, ಇರುವುದು ಹೈದರಾಬಾದಿನಲ್ಲಿ. ವಾರಕ್ಕೊಮ್ಮೆ ವಿಡಿಯೋದಲ್ಲಿ ಸಿಗುತ್ತಿದ್ದರು. ನಾನು ಪರೀಕ್ಷೆಗೆ ಕೂರಲು ಅವರ ಸಹಿ ಬೇಕಿತ್ತು, ಅದಕ್ಕಾಗಿ ಮೊದಲ ಹತ್ತು ನಿಮಿಷ ಪ್ರಶ್ನೆ ಕೇಳುವರು, ಉಳಿದ ಹೊತ್ತು ಮಕ್ಕಳ ವಿಷಯ. ಆ ವಾರ ನಾನು ಒಂದೂ ಪ್ರಶ್ನೆಗೆ ಎಡವಲಿಲ್ಲ. ಅದೇ ಹುರುಪಿನಲ್ಲಿ ಈ ಹುಡುಗಿಯ ಹಾಳೆ ತೋರಿಸಿ, ಪಾಠ ತಪ್ಪಿಸಲು ಕಿವಿಗೆ ಹೊಡೆದುಕೊಳ್ಳುತ್ತಾಳೆ ಎಂದು ವಿವರಿಸಿದೆ.

ಅವರು ಹಾಳೆ ನೋಡುತ್ತಲೇ ಕೇಳಿದರು, "ಇಂಥದ್ರಲ್ಲಿ ಎಲ್ಲಕ್ಕಿಂತ ಮೊದಲು ಏನು ಮಾಡ್ಬೇಕು?"

ನಾನು ಉಸಿರು ತೆಗೆದುಕೊಳ್ಳದೆ ಹೇಳಿದೆ, "ದೈಹಿಕ ಕಾರಣ ಏನೂ ಇಲ್ಲ ಅಂತ ಡಾಕ್ಟರ್ ಕಡೆಯಿಂದ ಖಚಿತ ಮಾಡ್ಕೋಬೇಕು ಮೇಡಂ."

"ಸರಿ," ಎಂದರು. ಮುಂದಕ್ಕೆ ಹೋದರು.

ಅವರು ಕೇಳಿದ್ದು ಹುಡುಗಿಯ ಬಗ್ಗೆ. ನಾನು ಉತ್ತರ ಕೊಟ್ಟದ್ದು ಪರೀಕ್ಷೆಗೆ. ನಾನು ಹುಡುಗಿಯನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಿದ್ದೇನೆ ಎಂದು ಅವರು ತಿಳಿದರು. ಇನ್ನೊಂದು ಪ್ರಶ್ನೆ ಗೆದ್ದೆ ಎಂದು ನಾನು ತಿಳಿದೆ. ಅವತ್ತು ಸಂಜೆ ಮನೆಗೆ ಹೋಗಿ ದೈಹಿಕ ಕಾರಣದ ಆ ಕಾರ್ಡನ್ನೂ ಡಬ್ಬಿಗೆ ಹಾಕಿದೆ. ಬಂಗಾರದ ಗೆರೆಯ ಕಾರ್ಡು ಅದು, ಇವತ್ತಿಗೂ ಕಣ್ಣ ಮುಂದಿದೆ. ನಮ್ಮ ಕೇಂದ್ರದಿಂದ ನಾಲ್ಕು ಅಂಗಡಿ ಆಚೆ ಡಾಕ್ಟರಿದ್ದರು. ಟಾರ್ಚು ಹಿಡಿದು ನೋಡಲು ಅವರಿಗೆ ಎರಡು ನಿಮಿಷ ಸಾಕಿತ್ತು.

ಮೇಲ್ವಿಚಾರಕಿ ಕೊಟ್ಟ ಯೋಜನೆ ಸರಳವಾಗಿತ್ತು. ಹೊಡೆದುಕೊಂಡಳೆಂದು ಪಾಠ ನಿಲ್ಲಿಸಬಾರದು. ಗಾಯವಾಗದಂತೆ ಕಿವಿಗೆ ಅಡ್ಡ ಒಂದು ಮೆತ್ತೆ ಹಿಡಿದು ಪಾಠ ನಡೆಸಬೇಕು. ಲಾಭ ನಿಂತರೆ ನಡತೆ ತಾನಾಗಿ ತಗ್ಗುತ್ತದೆ. ತಗ್ಗುವ ಮೊದಲು ಒಮ್ಮೆ ಜೋರಾಗುತ್ತದೆ, ಆಗ ಬಿಟ್ಟುಕೊಡಬಾರದು. ಇದು ನನ್ನ ಕಾರ್ಡುಗಳಲ್ಲೂ ಇತ್ತು. ಎರಡನೆಯ ದಿನ ಏಟು ಹೆಚ್ಚಾದವು. ನಾಲ್ಕನೆಯ ದಿನ ಅವಳು ಮೆತ್ತೆ ಕಿತ್ತೆಸೆದು ತಲೆಯನ್ನೇ ಟೇಬಲ್ಲಿಗೆ ಚಚ್ಚಲು ಹೋದಳು, ನಾನು ಕೈ ಅಡ್ಡ ಕೊಟ್ಟೆ. ಬಾಯಿ ತೆರೆದು ಅಳುತ್ತಿದ್ದಳು. ನಾನು ಮಾತ್ರ ಕಾರ್ಡು ಎತ್ತಿ ಹಿಡಿದು, ನೀರು ಯಾವುದು ತೋರಿಸು, ನೀರು ಯಾವುದು ತೋರಿಸು ಎನ್ನುತ್ತಿದ್ದೆ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ನನಗೆ ಒಳಗೊಳಗೇ ಸಂತೋಷವಾಗಿತ್ತು. ಕಾರ್ಡಿನಲ್ಲಿ ಬರೆದದ್ದು ಬರೆದಂತೆಯೇ ನಡೆಯುತ್ತಿದೆ ಎಂದುಕೊಂಡಿದ್ದೆ.

ಆಮೇಲೆ ಐದು ದಿನ ಅಜ್ಜಿ ಮೊಮ್ಮಗಳು ಬರಲಿಲ್ಲ. ಆ ಐದು ದಿನಗಳಲ್ಲೇ ನನ್ನ ಪರೀಕ್ಷೆಗೆ ಬೇಕಿದ್ದ ಮೇಲ್ವಿಚಾರಕಿಯ ಸಹಿಯೂ ಸಿಕ್ಕಿತು. ಆರನೆಯ ದಿನ ಅಜ್ಜಿ ಒಬ್ಬಳೇ ಬಂದಳು. ದಿಂಬಿನ ಮೇಲೆ ಕೀವು ರಕ್ತ ಕಂಡು ಸಿಂಧನೂರಿನ ಡಾಕ್ಟರಿಗೆ ತೋರಿಸಿದ್ದರು, ಅವರು ರಾಯಚೂರಿಗೆ ಕಳಿಸಿದ್ದರು. ಕಿವಿಯೊಳಗೆ ಭತ್ತದ ಕಾಳುಗಳಿದ್ದವು, ಮನೆ ಮುಂದಿನ ರಾಶಿಯಲ್ಲಿ ಕೂತು ತಾನೇ ತುರುಕಿಕೊಂಡಿರಬೇಕು. ಕೀವಿನಲ್ಲಿ ನೆನೆದು ಉಬ್ಬಿದ್ದವು. ಪರದೆ ಹರಿದು, ಕೀವು ಒಳಗಿನ ಸಣ್ಣ ಮೂಳೆಗೂ ಹತ್ತಿತ್ತು. ಆ ಕಿವಿ ಇನ್ನು ಹೆಚ್ಚುಕಡಿಮೆ ಇಲ್ಲವೆಂದೇ ತಿಳಿಯಿರಿ ಎಂದಿದ್ದರಂತೆ. ಅಜ್ಜಿ ಇಷ್ಟನ್ನೂ ನೆಲ ನೋಡುತ್ತ ಹೇಳಿದಳು. ನಾನು ಮೊದಲೇ ಹೇಳಿದ್ದೆನಲ್ಲ ಎಂಬ ಒಂದು ಮಾತು ಅವಳ ಬಾಯಿಂದ ಬರಲಿಲ್ಲ. ಗಾಯ ಮಾಯುವವರೆಗೆ ಹುಡುಗಿ ಬರುವುದಿಲ್ಲ ಎಂದು ತಿಳಿಸಲು ಬಂದೆ ಎಂದಳು, ಬಸ್ಸಿಗೆ ಹೊತ್ತಾಯಿತೆಂದು ಹೋದಳು. ನಾನು ಅವಳ ಹಿಂದೆ ಮೆಟ್ಟಿಲು ಇಳಿದು, ಗೊಬ್ಬರದ ಚೀಲಗಳ ಮಧ್ಯೆ ನಿಂತು, ಅವಳು ರಸ್ತೆ ದಾಟುವವರೆಗೆ ನೋಡಿ ಹಿಂತಿರುಗಿದೆ.

ಪರೀಕ್ಷೆ ಬರೆದದ್ದು ಲಿಂಗಸುಗೂರಿನಲ್ಲಿ. ಅದು ಮನೆಯಿಂದಲೇ ಬರೆಯುವಂಥದ್ದು, ಆದರೆ ನಮ್ಮ ಮನೆಯಲ್ಲಿ ನೆಟ್ ನಿಲ್ಲುವುದಿಲ್ಲ. ಅಪ್ಪನ ಪರಿಚಯದವರ ಕಂಪ್ಯೂಟರ್ ತರಬೇತಿ ಕೋಣೆಯನ್ನು ಒಂದು ಬೆಳಿಗ್ಗೆ ಖಾಲಿ ಮಾಡಿಸಿಕೊಂಡಿದ್ದೆವು. ಕ್ಯಾಮೆರಾದ ಆಚೆ ಕೂತವರು ನಾಲ್ಕೂ ಗೋಡೆ ತೋರಿಸು ಎಂದರು, ಟೇಬಲ್ಲಿನ ಕೆಳಗೆ ತೋರಿಸು ಎಂದರು, ಎರಡೂ ಕಿವಿ ತೋರಿಸು ಎಂದರು. ಕಿವಿಯಲ್ಲಿ ಏನಾದರೂ ಅಡಗಿಸಿಟ್ಟುಕೊಂಡಿರಬಹುದೆಂದು ನೋಡುವುದು ಅವರ ಪದ್ಧತಿ. ನಾನು ಕೂದಲು ಸರಿಸಿ ಮೊದಲು ಎಡಗಿವಿ, ಆಮೇಲೆ ಬಲಗಿವಿ ಕ್ಯಾಮೆರಾಗೆ ಹಿಡಿದೆ. 

ಅರ್ಧ ದಾಟಿದ ಮೇಲೆ ಆ ಪ್ರಶ್ನೆ ಬಂತು. ಬಂದೇ ಬರುತ್ತದೆಂದು ಗೊತ್ತಿತ್ತು. ಮಗುವೊಂದು ಇದ್ದಕ್ಕಿದ್ದಂತೆ ತನ್ನನ್ನೇ ಹೊಡೆದುಕೊಳ್ಳತೊಡಗಿದರೆ ಮೊದಲು ಮಾಡಬೇಕಾದ್ದೇನು? ನಾಲ್ಕು ಉತ್ತರಗಳಲ್ಲಿ ಮೂರನೆಯದು ಸರಿ. ಅದನ್ನು ತಪ್ಪು ಮಾಡಿ ಮುಂದೆ ಹೋಗಬೇಕು, ನನಗೆ ಆ ಒಂದು ಅಂಕ ಬೇಡ ಎಂದು ಒಂದು ಗಳಿಗೆ ಅನ್ನಿಸಿತು. ಹಾಗೆ ಮಾಡಲಿಲ್ಲ. ಮೂರನೆಯದನ್ನೇ ಒತ್ತಿದೆ, ಅಂಕ ತೆಗೆದುಕೊಂಡೆ, ಪಾಸಾದೆ.

ಅಪ್ಪ ಪೇಢೆ ಹಂಚಿದರು. ಸೋದರತ್ತೆ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿ, ಪೇಢೆ ಬಾಯಿಗೆ ಹಾಕಿಕೊಂಡಳು. ಮೇಲ್ವಿಚಾರಕಿಗೆ ನಿಜ ಹೇಳಿದ್ದು ಫಲಿತಾಂಶ ಬಂದ ಮೇಲೆಯೇ, ಅದಕ್ಕಿಂತ ಮೊದಲು ಹೇಳುವಷ್ಟು ಒಳ್ಳೆಯವಳು ನಾನಾಗಿರಲಿಲ್ಲ. ಅವರು, ಡಾಕ್ಟರ ಚೀಟಿ ನೋಡದೆ ಯೋಜನೆ ಬರೆದದ್ದು ತಮ್ಮದೂ ತಪ್ಪು ಎಂದರು. ಈಗ ನಮ್ಮ ಕೇಂದ್ರದಲ್ಲಿ ಡಾಕ್ಟರ ಚೀಟಿ ಇಲ್ಲದೆ ಯಾವ ಮಗುವಿಗೂ ಹೊಸ ಯೋಜನೆ ಇಲ್ಲ. ಇದು ಆಗಬೇಕಾದ್ದೇ. ಆ ಹುಡುಗಿಗೆ ಇದರಿಂದ ಏನೂ ಆಗಲಿಲ್ಲ.

ಎರಡು ತಿಂಗಳಾದ ಮೇಲೆ ಅಜ್ಜಿ ಅವಳನ್ನು ಮತ್ತೆ ಕರೆತಂದಳು. ಹುಡುಗಿ ತನ್ನ ಜಾಗಕ್ಕೆ ಹೋಗಿ ಕೂತಳು. ಅಜ್ಜಿ ಅವಳ ಜಡೆಯ ರಿಬ್ಬನ್ ಬಿಗಿದು ಕಟ್ಟುತ್ತಿದ್ದಾಗ ನಾನು ಎದುರಿಗೆ ಕೂತೆ. 

"ಅಮ್ಮಾ, ಅವತ್ತ ನಿಮ್ಮ ಮಾತು ಕೇಳಿ ಡಾಕ್ಟರಿಗೆ ತೋರ್ಸಿದ್ರ ಇಕಿ ಕಿವಿ ಉಳೀತಿತ್ತು. ತಪ್ಪು ನಂದು."

ಅವಳು ರಿಬ್ಬನ್ನಿನ ಗಂಟು ಮುಗಿಸಿದ ಮೇಲೆಯೇ ಮಾತಾಡಿದ್ದು.

"ಗೊತ್ತೈತ್ರೀ. ಅವತ್ತ ನಿಮ್ಮನ್ನ ಬೈಬೇಕಂತನ ಬಸ್ ಹತ್ತಿದ್ದೆ. ದಾರ್ಯಾಗ ವಿಚಾರ ಬಂತು, ನಿಮ್ಮ ಕೂಡ ಕೆಡಿಸಿಕೊಂಡು ಇಕಿನ್ನ ಎಲ್ಲಿಗೆ ಒಯ್ಯಲಿ? ಇನ್ನೊಂದು ಕಡಿ ಇದ್ದಿದ್ರ ಒಯ್ತಿದ್ದೆ."

ಸಿಟ್ಟಿನಿಂದ ಹೇಳಿದ್ದಲ್ಲ. ಬಸ್ಸು ಎಷ್ಟು ಹೊತ್ತಿಗಿದೆ ಎಂದು ಹೇಳುವ ದನಿಯಲ್ಲೇ ಹೇಳಿ, ಎದ್ದು ಮೆಟ್ಟಿಲಿಗೆ ಹೋಗಿ ಕೂತಳು. ಕ್ಷಮಿಸಿದ್ದಾಳೆ ಎಂದುಕೊಳ್ಳಲು ಅವಳು ನನಗೆ ಎಡೆಯನ್ನೇ ಬಿಡಲಿಲ್ಲ.

ನಾನು ಹಳೆಯ ಹಾಳೆ ತೆಗೆದು, ಬಾಗಿಲ ಬಳಿ ನಿಂತು ಹುಡುಗಿಯನ್ನು ಹೆಸರು ಹಿಡಿದು ಕರೆದೆ. ನಾನು ಅವಳ ಬಲಕ್ಕಿದ್ದೆ. ಅವಳಿಗೆ ಕೇಳಿಸಿತು, ಉಳಿದಿದ್ದ ಎಡಗಿವಿಯಿಂದ. ಕೈಯಲ್ಲಿದ್ದುದನ್ನು ಬಿಟ್ಟು ಸರಕ್ಕನೆ ತಿರುಗಿದಳು, ಎಡಕ್ಕೆ, ಗೋಡೆಯ ಕಡೆಗೆ. ಅಲ್ಲಿ ನಾನು ಕಾಣದ್ದಕ್ಕೆ ಇನ್ನೂ ಎಡಕ್ಕೆ ಕತ್ತು ಹೊರಳಿಸಿ ಹುಡುಕಿದಳು. ಮತ್ತೊಮ್ಮೆ ಕರೆದೆ. ಮತ್ತೆ ಗೋಡೆಯನ್ನೇ ನೋಡಿದಳು. ಮೆಟ್ಟಿಲ ಮೇಲಿನಿಂದ ಅಜ್ಜಿ ಅದನ್ನೆಲ್ಲ ನೋಡುತ್ತಿದ್ದಳು.

ಹಾಳೆಯಲ್ಲಿ ಎರಡೇ ಖಾನೆಗಳಿದ್ದವು, ತಿರುಗಿದಳು, ತಿರುಗಲಿಲ್ಲ. ನಾನು ಪೆನ್ನು ಹಿಡಿದುಕೊಂಡು ಅಲ್ಲೇ ನಿಂತಿದ್ದೆ.