ಅರ್ಥವಿಲ್ಲದ ಸ್ವಿಚ್ಚು

ಮಹಾಪ್ರಾಣ ನುಂಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ತಾಳವಾಡಿ ಸೀಮೆಯಲ್ಲಿ ಕನ್ನಡ ಮೇಷ್ಟ್ರಾಗಿ ಬದುಕುವವನಿಗೆ ಇದು ಒಳ್ಳೆಯ ಗುಣವಲ್ಲ. ದಿನಕ್ಕೆ ನೂರು ಸಲ ಉರಿಯಬೇಕಾಗುತ್ತದೆ. ಇಲ್ಲಿ ಹಳ್ಳಿ ಅಳ್ಳಿ, ಹೊಲ ಒಲ. ಧನವನ್ನೂ ದನವನ್ನೂ ಒಂದೇ ಕೊಟ್ಟಿಗೆಯಲ್ಲಿ ಕಟ್ಟುತ್ತಾರೆ. ಇದೇ ಸೀಮೆಯ ಗೆಟ್ಟವಾಡಿಯಲ್ಲಿ ಹುಟ್ಟಿದ ನಾನೂ ಸಿಟ್ಟು ಬಂದಾಗ ಹಾಗೇ ಮಾತಾಡುತ್ತೇನೆಂದು ನನ್ನ ಹೆಂಡತಿ ಹೇಳುತ್ತಾಳೆ. ಸುಳ್ಳು. ಅದನ್ನು ಕೇಳಿದಾಗಲೆಲ್ಲ ಇನ್ನೊಂದು ಸಲ ಸಿಟ್ಟು ಬರುತ್ತದೆ.

ಈ ಸಿಟ್ಟಿನಿಂದ ಒಂದು ಸಲ ನಮ್ಮ ಮಾವನವರ ಕಣ್ಣೇ ಹೋಗುವುದರಲ್ಲಿತ್ತು. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು.

ಮಾವನವರ ಹತ್ತಿರ ಒಂದು ಕಾರಿತ್ತು. ಕರಿಬಣ್ಣದ ವಿಲಾಯಿತಿ ಕಾರು, ನನಗಿಂತ ಎರಡು ವರ್ಷ ದೊಡ್ಡದು. ಪ್ರತಿ ಸೋಮವಾರ ಅದಕ್ಕೂ ಮೂರು ಬೆರಳಿನ ವಿಭೂತಿ ಬೀಳುತ್ತಿತ್ತು. ಕಣ್ಣಿಗೆ ಪೊರೆ ಬಂದು ದಾರಿ ಮಂಜಾದಾಗ ಅವರು ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಓಡ್ಸು, ಆದ್ರ ಕುಲಗೆಡುಸ್ಬೇಡ ಕಣಪ್ಪ" ಎಂದರು. ನಾನು ಮೊದಲು ಮಾಡಿದ್ದೇ ಅದನ್ನು.

ಕೊಯಮತ್ತೂರಿನ ದಾರಿಯ ದಿಂಬಂ ಘಾಟಿಯ ಇಪ್ಪತ್ತೇಳು ತಿರುವುಗಳನ್ನು ಹತ್ತುವಾಗ ಆ ಕಾರು ನಾಲ್ಕು ಕಡೆ ಕುದಿಯುತ್ತಿತ್ತು. ಮಾವ ಅದಕ್ಕೆಂದೇ ನಾಲ್ಕು ಕಡೆ ಒರತೆ ಗುರುತು ಮಾಡಿಟ್ಟುಕೊಂಡಿದ್ದರು. ನಿಲ್ಲಿಸಿ, ನೀರು ಹುಯ್ದು, ಎಲೆಯಡಿಕೆ ಹಾಕಿಕೊಂಡು ಮುಂದೆ ಹೊರಡುತ್ತಿದ್ದರು. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಬೆಲ್ಟಿನಿಂದ ತಿರುಗುವ ಹಳೇ ಫ್ಯಾನನ್ನು ಕಿತ್ತು ಹಾಕಿಸಿ, ಕೊಯಮತ್ತೂರಿನ ಗುಜರಿ ಅಂಗಡಿಯಿಂದ ಕರೆಂಟಿನ ಫ್ಯಾನು ತಂದೆ. ಅದರ ಜೊತೆಗೊಂದು ಸ್ವಿಚ್ಚು. ಹೆಬ್ಬೆಟ್ಟಿನಷ್ಟು ದಪ್ಪದ ಹಿತ್ತಾಳೆ ಗುಂಡು. ನೀರು ಇಂತಿಷ್ಟು ಬಿಸಿಯಾದರೆ ತಾನೇ ಫ್ಯಾನು ಹಾಕುತ್ತದಂತೆ, ತಣ್ಣಗಾದರೆ ತಾನೇ ಆರಿಸುತ್ತದಂತೆ. ಇಡೀ ತರಗತಿಯಲ್ಲಿ ಇಷ್ಟು ಬುದ್ಧಿಯಿರುವ ಒಬ್ಬ ವಿದ್ಯಾರ್ಥಿಯೂ ನನಗೆ ಸಿಕ್ಕಿರಲಿಲ್ಲ.

ಕೂರಿಸುವ ಕೆಲಸ ಮಾದಪ್ಪನದು. ಮಾದಪ್ಪ ತಾಳವಾಡಿಯಲ್ಲಿ ಬಾವಿಯ ಮೋಟರು, ಟ್ರ್ಯಾಕ್ಟರು, ರೇಡಿಯೋ ಎಲ್ಲವನ್ನೂ ಒಂದೇ ಸ್ಕ್ರೂಡ್ರೈವರಿನಲ್ಲಿ ಬಿಚ್ಚುವ ಮನುಷ್ಯ. ರೇಡಿಯೇಟರಿನ ಮೇಲಿನ ರಬ್ಬರು ಪೈಪನ್ನು ನಡುವೆ ಕತ್ತರಿಸಿ, ಅಲ್ಲೊಂದು ಲೋಹದ ತುಂಡು ಸೇರಿಸಿ, ಅದರೊಳಗೆ ಸ್ವಿಚ್ಚು ತಿರುಗಿಸಿದ. ಇಂಜಿನ್ನು ಬಿಸಿ ಮಾಡಿ ಕಾದೆವು. ಆವಿ ಬಂತು, ಫ್ಯಾನು ತಿರುಗಲಿಲ್ಲ. ಮಾದಪ್ಪ ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡು ಬಗ್ಗಿ ನೋಡಿ ಹೇಳಿದ:

"ಇದ್ಕ ಅರ್ತಿಲ್ಲ ಮೇಷ್ಟ್ರೇ."

"ಏನಂದೆ?"

"ಅರ್ತಿಲ್ಲ. ಮೊದ್ಲು ಅರ್ತ ಕೊಡಿ, ಆಮ್ಯಾಲ ಮಾತು. ಅದಿಲ್ದೆ ನೀವೇನ್ ಮಾಡುದ್ರೂ ದಂಡ."

ಓದುಗರೇ, ನೀವೇ ಹೇಳಿ. ಇಪ್ಪತ್ತು ವರ್ಷ 'ಕೆಳಗಿನ ಪದಗಳಿಗೆ ಅರ್ಥ ಬರೆಯಿರಿ' ಎಂದು ಕರಿಹಲಗೆಯ ಮೇಲೆ ಬರೆದವನು ನಾನು. ಧರ್ಮದ ಪಕ್ಕದಲ್ಲಿ ಕೂರುವ ಅರ್ಥ ಬೇರೆ, ಪದದೊಳಗೆ ಕೂರುವ ಅರ್ಥ ಬೇರೆ, ಸೇರಿನ ಮುಂದೆ ಬರುವ ಅರ್ಧದಲ್ಲಿ ಇರುವುದು ಧಕಾರ ಎಂದು ಗಂಟಲು ಹರಿದುಕೊಂಡವನು ನಾನು. ನನಗೇ ಅರ್ಥ ಕೊಡು ಅನ್ನುತ್ತಾನೆ, ಅದೂ ಮಹಾಪ್ರಾಣ ನುಂಗಿ! ಹಳೇ ಫ್ಯಾನು ಕೀಳಿಸಿದ್ದೇ ಅರ್ಥವಿಲ್ಲದ ಕೆಲಸ ಎಂದು ಹಂಗಿಸುತ್ತಿದ್ದಾನೆ ಅಂದುಕೊಂಡೆ. ಅವನು "ಬೋಲ್ಟು ಸರಿಯಾಗಿಲ್ಲ, ನಾಳ ಬನ್ನಿ" ಎನ್ನುತ್ತಿದ್ದದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. "ನಿನ್ನ ಹತ್ತಿರ ಪಾಠ ಹೇಳಿಸಿಕೊಳ್ಳೋ ಗತಿ ಬಂದಿಲ್ಲ ನನಗೆ, ಮೊದಲು ಥ ಅನ್ನೋದು ಕಲಿ" ಎಂದು ಅಂಗಡಿಯ ಮುಂದೆ ನಾಲ್ಕು ಜನ ಕೇಳುವಂತೆ ಕೂಗಿದೆ. ಸ್ವಿಚ್ಚಿನ ಹತ್ತಿರ ಒಂದು ಕರಿ ತಂತಿ ಮೊಳದುದ್ದ ಜೋತಾಡುತ್ತಿತ್ತು. ಕೆಲಸದಲ್ಲಿ ಅಚ್ಚುಕಟ್ಟು ಬೇಡವೇ ಎಂದು ಬೈಯುತ್ತ ಅದನ್ನು ನಾನೇ ಸುರುಳಿ ಸುತ್ತಿ, ದಾರದಿಂದ ಪೈಪಿಗೆ ಕಟ್ಟಿ, ಬಾನೆಟ್ಟು ಬಡಿದು ಬಂದೆ. ಫ್ಯಾನು ತಿರುಗದಿದ್ದುದಕ್ಕೆ ಬಿಸಿ ಸಾಲದ್ದೇ ಕಾರಣ, ಘಾಟಿ ಹತ್ತುವಾಗ ತಾನೇ ತಿರುಗುತ್ತದೆ ಎಂದು ನಾನೇ ತೀರ್ಮಾನಿಸಿಕೊಂಡೆ.

ಮಾರನೆಯ ಬೆಳಿಗ್ಗೆ ಮಾವನವರನ್ನು ಕರೆತರಬೇಕಿತ್ತು. ಕೊಯಮತ್ತೂರಿನಲ್ಲಿ ಕಣ್ಣಿನ ಆಪರೇಷನ್ ಆಗಿ, ಹೊಲಿಗೆ ಹಾಕಿ ಕಟ್ಟು ಕಟ್ಟಿದ್ದರು. ಇನ್ನೊಂದು ಕಣ್ಣಿನಲ್ಲಿ ಪೊರೆ ಹಾಗೇ ಇತ್ತು. ಬದುಕಿನ ಬೆಳಕೆಲ್ಲ ಆ ಕಟ್ಟಿನೊಳಗೇ. ಬಗ್ಗಬಾರದು, ಕೆಮ್ಮಬಾರದು, ಜೋರಾಗಿ ನಗಲೂಬಾರದು ಎಂದು ಡಾಕ್ಟರು ಹೇಳಿದ್ದರು. ಬಸ್ಸಿನಲ್ಲಿ ನೂಕಾಡಿಕೊಂಡು ಬರುವಂತಿರಲಿಲ್ಲ. ಮಾವ ಬೇರೆ, "ಬಂದ್ರ ನನ್ ಕಾರಲ್ಲೆ" ಎಂದು ಹಟ ಹಿಡಿದಿದ್ದರು. ಹೊರಡುವಾಗ ಹೆಂಡತಿ ಬಾಗಿಲಿಗೆ ಬಂದು ಹೇಳಿದಳು: "ದಾರೀಲಿ ಕೂಗಾಡ್ಬೇಡಿ. ಅಪ್ಪನ್ಗ ಒಲಿಗ ಬುಟ್ಕಂಡ್ರ ಕಣ್ಣು ಓಯ್ತದ."

ಘಾಟಿ ಇಳಿಯುವಾಗ ಕಾರು ತಣ್ಣಗಿತ್ತು. ಫ್ಯಾನು ಸುಮ್ಮನಿತ್ತು. ನೋಡು, ಬೇಡದಾಗ ತೆಪ್ಪಗಿರುವ ಬುದ್ಧಿ ಇದಕ್ಕಿದೆ, ಮಾದಪ್ಪನಿಗಿಲ್ಲ ಎಂದುಕೊಂಡೆ.

ವಾಪಸು ಹತ್ತುವಾಗ ಮಾವ ಹಿಂದಿನ ಸೀಟಿನಲ್ಲಿ ದಿಂಬಿಗೆ ತಲೆಕೊಟ್ಟು ನೆಟ್ಟಗೆ ಕೂತಿದ್ದರು. ಹತ್ತನೇ ತಿರುವಿನಲ್ಲಿ, "ಪಂಕದ ಸದ್ದು ಬತ್ತಾ ಇಲ್ವಲ್ಲಪ್ಪ" ಎಂದರು.

"ಬಿಸಿಯಾದಾಗ ಅದೇ ತಿರುಗುತ್ತದೆ ಮಾವ. ಅದಕ್ಕೆ ಬುದ್ಧಿ ಇದೆ."

ಹದಿನೇಳನೇ ತಿರುವಿನಲ್ಲಿ ಬಾನೆಟ್ಟಿನ ಸಂದಿಗಳಿಂದ ಬುಸ್ಸೆಂದು ಆವಿ ಎದ್ದಿತು. ಪಕ್ಕಕ್ಕೆ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟೆ. ನಡುಹಗಲಿನ ಬಿಸಿಲು, ಕೆಳಗಿನಿಂದ ಬಿದಿರು ತುಂಬಿದ ಲಾರಿಗಳು ಧೂಳೆಬ್ಬಿಸಿಕೊಂಡು ಬರುತ್ತಿದ್ದವು. ಆ ಧೂಳಿಗೆ ಒಂದು ಕೆಮ್ಮು ಬಂದರೆ ಸಾಕಿತ್ತು. ಭಯಕ್ಕೆ ನನ್ನಲ್ಲಿ ಬೇರೆ ಮುಖವಿಲ್ಲ, ಅದೂ ಸಿಟ್ಟಾಗಿಯೇ ಹೊರಗೆ ಬರುತ್ತದೆ. ಟೈರಿಗೆ ಒದ್ದೆ. ಸ್ವಿಚ್ಚಿನ ವಂಶವನ್ನು ಬೈದೆ. ಫ್ಯಾನು ಮಾರಿದವನನ್ನು, ಬೆಟ್ಟ ಕಡಿದು ರಸ್ತೆ ಮಾಡಿದವರನ್ನು, ಎಲ್ಲರಿಗಿಂತ ಹೆಚ್ಚಾಗಿ ಮಾದಪ್ಪನನ್ನು ಬೈದೆ. "ಆಳಾಗಿ ಓಗ್ಲಿ ಅವನು" ಎಂದು ನಾನು ಕೂಗಿದ್ದು ಎದುರಿನ ಬೆಟ್ಟಕ್ಕೆ ತಾಗಿ ವಾಪಸು ಬಂತು. ಎರಡು ಕಡೆಯೂ ಹಕಾರವಿರಲಿಲ್ಲ.

ಒಳಗಿನಿಂದ ಮಾವನ ಸಣ್ಣ ದನಿ ಕೇಳಿಸಿತು. "ಕೂಗ್ಬೇಡ ಕಣಪ್ಪ. ನೀ ಕೂಗುದ್ರ ನಂಗ ನಗು ಬತ್ತದ. ನಕ್ರ ಒಲಿಗ ಓಯ್ತದ."

ನೋಡಿದರೆ ಎರಡು ಕೈಯಲ್ಲೂ ಕೆನ್ನೆ ಒತ್ತಿ ಹಿಡಿದುಕೊಂಡಿದ್ದರು. ಹುಟ್ಟಿದಾರಭ್ಯ ಸಿಟ್ಟಿನ ಮಧ್ಯದಲ್ಲಿ ನಾನು ಬಾಯಿ ಮುಚ್ಚಿದ್ದು ಅದೇ ಮೊದಲು. ಕಿಟಕಿಗೆ ಪಂಚೆ ಕಟ್ಟಿ ಧೂಳಿಗೆ ಮರೆ ಮಾಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರೇ ಕೇಳಿದರು: "ಮಾದಪ್ಪ ಏನಂದ?"

"ಇದಕ್ಕೆ ಅರ್ಥ ಇಲ್ಲ ಅಂದ. ಅರ್ಥ ಕೊಡಿ ಅಂದ. ನನಗೆ!" ಎಂದೆ, ಆದಷ್ಟು ಮೆಲ್ಲಗೆ.

ಮಾವ ಕೆನ್ನೆಯನ್ನು ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡರು. ಮಾತು ಹಲ್ಲಿನ ಸಂದಿಯಿಂದ ಬಂತು. "ಅರ್ತು ಕಣಪ್ಪ, ಕರೆಂಟಿನ ಅರ್ತು. ನಮ್ ಬಾವಿ ಮೋಟ್ರಿಗ ಕೊಟ್ಟಿಲ್ವಾ, ನೆಲಕ ಇಳಿಯ ತಂತಿ? ಕಾರಿಗ ಅದ್ರ ಕಬ್ಬುಣವೇ ನೆಲ. ಆ ಸ್ವಿಚ್ಚು ಎಲ್ಲದ?"

"ರಬ್ಬರ್ ಪೈಪಿನಲ್ಲಿ."

"ರಬ್ಬರ್ ಮ್ಯಾಲ ಕೂತವ್ನಿಗ ನೆಲ ಎಲ್ಲಿ ಸಿಕ್ತದ? ತಂತಿ ಏನಾರ ಬುಟ್ಟವ್ನಾ ನೋಡು."

ಬುಟ್ಟಿದ್ದ. ಅದನ್ನು ಅಚ್ಚುಕಟ್ಟಾಗಿ ಸುತ್ತಿ ಕಟ್ಟಿದ ಮಹಾನುಭಾವ ನಾನು. ನನ್ನ ಹಲ್ಲಿನಿಂದಲೇ ಆ ದಾರ ಕಚ್ಚಿ ಬಿಡಿಸಿದೆ. ತಂತಿಯ ತುದಿಯನ್ನು ಮಾದಪ್ಪ ಮೊದಲೇ ಹೆರೆದು ತಾಮ್ರ ಕಾಣಿಸುವಂತೆ ಮಾಡಿದ್ದ. ಮಡ್‌ಗಾರ್ಡಿನ ಒಂದು ಬೋಲ್ಟು ಸಡಿಲಿಸಿ, ತುಕ್ಕು ಕೆರೆದು, ಅದರ ಕೆಳಗೆ ತುದಿ ಸಿಕ್ಕಿಸಿದ್ದೇ ತಡ, ಫ್ಯಾನು ರೊಯ್ಯೆಂದು ತಿರುಗಿತು. ಮುಖಕ್ಕೆ ಬಿಸಿಗಾಳಿ ಬಡಿಯಿತು. ಮಾವ ಒಳಗಿನಿಂದ, "ಈಗ ಬತ್ತಾ ಅದ ಸದ್ದು" ಎಂದರು. ಇಂಜಿನ್ನು ಪೂರ್ತಿ ಆರುವವರೆಗೆ ಕಾದು, ಅವರೇ ಗುರುತು ಮಾಡಿಟ್ಟಿದ್ದ ಒರತೆಯಿಂದ ನೀರು ತಂದು ಹುಯ್ದೆ. ಉಳಿದ ಹತ್ತು ತಿರುವುಗಳಲ್ಲಿ ಫ್ಯಾನು ತನಗೆ ಬೇಕಾದಾಗ ತಿರುಗಿ ಬೇಡವಾದಾಗ ನಿಂತಿತು. ದಿಂಬಂನಲ್ಲಿ ಮಾವನಿಗೆ ಟೀ ಕುಡಿಸಿದೆ. ಅವರು ನಗಲಿಲ್ಲ, ಪಾಪ. ನಗುವನ್ನೆಲ್ಲ ಹೊಲಿಗೆ ಮಾಯ್ದು ಕನ್ನಡಕ ಬರುವ ದಿನಕ್ಕೆ ಎತ್ತಿಟ್ಟುಕೊಂಡಿದ್ದರು. ಆ ದಿನ ಹೊಸ ಕನ್ನಡಕದಲ್ಲಿ ನನ್ನ ಮುಖ ನೋಡಿದ್ದೇ ನೋಡಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಮನೆಗೆ ಬಂದು ನಾನು ನಿಘಂಟು ತೆಗೆದು ನೋಡಿದೆ. ಅರ್ಥ ಎಂಬ ಮಾತಿಗೆ ಹಣ, ಉದ್ದೇಶ, ತಾತ್ಪರ್ಯ, ಪ್ರಯೋಜನ ಎಲ್ಲವೂ ಇತ್ತು, ನೆಲಕ್ಕೆ ಇಳಿಯುವ ತಂತಿ ಇರಲಿಲ್ಲ. ನಿಘಂಟು ಮಾಡಿದವರ ಮೇಲೂ ಸಿಟ್ಟು ಬಂತು. ಮಾದಪ್ಪನ ಅಂಗಡಿಯ ಕಡೆ ಹೋಗಲು ಮಾತ್ರ ನನಗೆ ಎಂಟು ದಿನ ಬೇಕಾಯಿತು. ನಾಲ್ಕು ಜನರ ಮುಂದೆ ಬೈದದ್ದನ್ನು ಯಾರೂ ಇಲ್ಲದಾಗ ವಾಪಸು ತೆಗೆದುಕೊಳ್ಳುವ ಆಸೆ. ಹಾಳಾದ ಅಂಗಡಿಯಲ್ಲಿ ಸದಾ ಜನ.

ಕೊನೆಗೆ ಜನರಿರುವಾಗಲೇ ಹೋದೆ. ಮಾದಪ್ಪ ಯಾವುದೋ ಮೋಟರಿನ ಹೊಟ್ಟೆಯಲ್ಲಿ ಕೈಯಿಟ್ಟುಕೊಂಡು ಕೂತಿದ್ದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳಲ್ಲಿ ಒಂದು ಮಾತು ಮಾತ್ರ ಹೊರಟಿತು, ಸ್ಪಷ್ಟ ಥಕಾರದೊಂದಿಗೆ.

"ಅರ್ಥ ಆಯಿತು ಮಾದಪ್ಪ."

ಅವನು ತಲೆಯೆತ್ತಲಿಲ್ಲ. "ಆಯ್ತಾ? ಸಂದಾಗಿ ಬಿಗಿದ್ಬುಡಿ ಮೇಷ್ಟ್ರೇ" ಎಂದ. "ಇಲ್ದೋದ್ರ ಒಂದೆರ್ಡು ಕುಲುಕಾಟಕ್ಕೇ ಬುಟ್ಟೋಯ್ತದ."